ಹೋದ ಬೇಸಿಗೆಯ ನೀರು

ನೀರು ಕುಡಿದದ್ದು ಹೋದ ಬೇಸಿಗೆಯಲ್ಲಿ, ಕಾಲು ಉರಿಯತೊಡಗಿದ್ದು ಈ ಬೇಸಿಗೆಯಲ್ಲಿ. ನಡುವೆ ಒಂದು ಮಳೆಗಾಲ ಕಳೆದಿದೆ, ತೊಗರಿ ರಾಶಿಯಾಗಿದೆ, ಜೋಳ ಮನೆ ಸೇರಿದೆ. ಪಾದದ ಮೇಲೆ ಎದ್ದ ಬೊಬ್ಬೆಗೂ ವರ್ಷದ ಹಿಂದೆ ಬೊಗಸೆಯಲ್ಲಿ ಎತ್ತಿ ಕುಡಿದ ಬಾವಿ ನೀರಿಗೂ ನಂಟಿದೆ ಎಂದು ಒಕ್ಕಲಿಗನಿಗೆ ಹೊಳೆಯುವುದಾದರೂ ಹೇಗೆ? ವೈದ್ಯನಿಗೇ ಹೊಳೆಯಲು ಸಾವಿರಾರು ವರ್ಷ ಬೇಕಾಯಿತು. ನಾರುಹುಣ್ಣು ಎಂಬ ಈ ಕಾಯಿಲೆ ಒಂದು ಕಾಲಕ್ಕೆ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಊರೂರಲ್ಲೂ ಮನೆಮಾತಾಗಿತ್ತು. ಇಂದು ಜಗತ್ತಿನಲ್ಲೇ ಅತಿ ವಿರಳವಾದ ರೋಗಗಳಲ್ಲಿ ಅದೂ ಒಂದು. 2023ರಲ್ಲಿ ಇಡೀ ಭೂಮಿಯ ಮೇಲೆ ಈ ರೋಗ ತಗಲಿದ ಮನುಷ್ಯರು 14 ಮಂದಿ, 2024ರಲ್ಲಿ 15 ಮಂದಿ. ಈ ದೂರವನ್ನು ಅದು ಕ್ರಮಿಸಿದ ಬಗೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ಆದರೆ ನಮ್ಮಲ್ಲೇ ಅದನ್ನು ನೆನೆಯುವವರು ಕಡಿಮೆ.

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನ ಗುಂಡಗುರ್ತಿಯಿಂದ ಸೇಡಂ ಕಡೆಗೋ, ವಾಡಿ, ಶಹಾಬಾದ್ ಕಡೆಗೋ ಹೊರಟರೆ ನೆಲದ ಸ್ವಭಾವ ಕಣ್ಣಿಗೇ ಕಾಣುತ್ತದೆ. ಮೇಲೆ ಕರಿಮಣ್ಣು, ಕೆಳಗೆ ಪದರ ಪದರವಾದ ಸುಣ್ಣಕಲ್ಲು. ಶಹಾಬಾದಿ ಫರಸಿ ನಾಡಿನ ಮನೆಗಳ ನೆಲಕ್ಕೆಲ್ಲ ಹೋದದ್ದು, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಎದ್ದದ್ದು ಇದೇ ಕಲ್ಲಿನ ಬಲದಿಂದ. ಕಾಗಿಣಾ ನದಿ ಹರಿಯುತ್ತದೆ, ಆದರೆ ಎಲ್ಲ ಊರಿಗೂ ಸಿಗುವುದಿಲ್ಲ. ಬಿಸಿಲು ನಲವತ್ತು ಡಿಗ್ರಿ ದಾಟುವ ತಿಂಗಳುಗಳಲ್ಲಿ ಹಳ್ಳ ಬತ್ತುತ್ತದೆ, ನೀರು ಬಾವಿಯ ತಳ ಸೇರುತ್ತದೆ. ಅಲ್ಲಿಗೆ ಇಳಿಯಲು ಮೆಟ್ಟಿಲು ಬೇಕು. ಕೆರೆ ಬಾವಿ ಕಟ್ಟಿಸುವುದನ್ನು ಪುಣ್ಯಕಾರ್ಯವೆಂದು ಕಲ್ಲಿನಲ್ಲಿ ಕೊರೆಸಿದ ನಾಡು ಇದು. ಹಗ್ಗ, ಕೊಡ ಇಲ್ಲದ ದಾರಿಹೋಕನೂ ಇಳಿದು ಬೊಗಸೆಯೊಡ್ಡಿ ಕುಡಿಯಲಿ ಎಂಬ ಕರುಣೆಯಿಂದ ಕಟ್ಟಿದ ಮೆಟ್ಟಿಲುಗಳವು. ರೋಗ ಹರಡಿದ್ದು ಆ ಮೆಟ್ಟಿಲುಗಳ ಮೇಲೆಯೇ.

ನೀರಿನಲ್ಲಿ ಸೈಕ್ಲಾಪ್ಸ್ ಎಂಬ, ಬರಿಗಣ್ಣಿಗೆ ಚುಕ್ಕೆಯಾಗಿ ಕಂಡೂ ಕಾಣದ ಜೀವಿ ಇರುತ್ತದೆ. ಅದರ ಹೊಟ್ಟೆಯಲ್ಲಿ ನಾರುಹುಳುವಿನ ಮರಿಗಳಿರುತ್ತವೆ. ಮನುಷ್ಯ ಆ ನೀರನ್ನು ಕುಡಿದಾಗ ಜಠರದ ಆಮ್ಲ ಸೈಕ್ಲಾಪ್ಸನ್ನು ಕೊಲ್ಲುತ್ತದೆ, ಮರಿಗಳು ಮಾತ್ರ ಬದುಕಿ ಕರುಳಿನ ಗೋಡೆ ಕೊರೆದು ಒಳಗೆ ಸೇರುತ್ತವೆ. ಗಂಡು ಹೆಣ್ಣು ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ಒಂದು ಮೀಟರಿನಷ್ಟು ಉದ್ದ ಬೆಳೆಯುತ್ತ ಚರ್ಮದ ಕೆಳಗೆ ಸಾಗಿ, ಸುಮಾರು ಒಂದು ವರ್ಷದ ಹೊತ್ತಿಗೆ, ಹೆಚ್ಚಾಗಿ ಮೊಣಕಾಲಿನ ಕೆಳಗೆ, ತಲೆ ಎತ್ತುತ್ತದೆ. ಅಲ್ಲಿ ಬೊಬ್ಬೆ ಏಳುತ್ತದೆ. ಅದರ ಉರಿ ತಡೆಯಲಾಗದು. ಉರಿ ತಣಿಸಲು ರೋಗಿ ಕಾಲನ್ನು ನೀರಿಗಿಳಿಸುತ್ತಾನೆ. ತಣ್ಣೀರು ತಗುಲಿದ್ದೇ ತಡ, ಹುಳು ಲಕ್ಷಗಟ್ಟಲೆ ಮರಿಗಳನ್ನು ಹಾಲಿನಂಥ ದ್ರವದೊಡನೆ ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಅವನ್ನು ತಿನ್ನುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ಬಾವಿ ಮುಂದಿನ ವರ್ಷದ ರೋಗಿಗಳಿಗೆ ಸಿದ್ಧವಾಗಿರುತ್ತದೆ. ನೀರು ತರಲು ಮೊಣಕಾಲುದ್ದ ಇಳಿದ ಹೆಂಗಸು ತನ್ನ ನೋವನ್ನು ತೊಳೆದುಕೊಳ್ಳುತ್ತಿದ್ದಾಗಲೇ ತನ್ನ ಮಕ್ಕಳ ಕೊಡಕ್ಕೆ ರೋಗವನ್ನು ತುಂಬುತ್ತಿದ್ದಳು. ಅದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇರಲಿಲ್ಲ.

ಆಯುರ್ವೇದದ ಗ್ರಂಥಕಾರರಿಗೆ ರೋಗದ ಹೊರರೂಪ ಚೆನ್ನಾಗಿ ಗೊತ್ತಿತ್ತು, ಅದನ್ನು ಸ್ನಾಯುಕ ಎಂದು ಕರೆದರು. ಗ್ರೀಕ್ ವೈದ್ಯರು, ಅರಬ್ ವೈದ್ಯರು ವರ್ಣಿಸಿದರು. ಎಲ್ಲರೂ ಹೇಳಿದ ಚಿಕಿತ್ಸೆ ಒಂದೇ: ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಅಂಗುಲದಷ್ಟು, ಹರಿಯದಂತೆ ಎಳೆಯುವುದು. ಹರಿದರೆ ಕೇಡು. ತುಂಡಾದ ಹುಳು ಒಳಗೆ ಹಿಂಜರಿದು ಕಾಲು ಬಾತು ಕೀವು ತುಂಬುತ್ತದೆ, ಕೆಲವರಿಗೆ ಧನುರ್ವಾಯು ತಗಲುತ್ತದೆ, ಹಿಮ್ಮಡಿಯ ನರ ಸೆಡೆತು ನಡೆ ಕುಂಟಾಗುತ್ತದೆ. ಸಾವು ಅಪರೂಪ, ಆದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಾಸಿಗೆ ತಪ್ಪದು. ಕೂಲಿಯ ಮೇಲೆ ನಿಂತ ಮನೆಗೆ ಅದು ಒಂದು ಹಂಗಾಮಿನ ಅನ್ನ.

ರೋಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಸಿಕ್ಕಿದ್ದು 1870ರ ಸುಮಾರಿಗೆ, ಮಧ್ಯ ಏಷ್ಯಾದ ತುರ್ಕಿಸ್ತಾನದಲ್ಲಿ. ರಷ್ಯದ ಯುವ ನಿಸರ್ಗವಿಜ್ಞಾನಿ ಅಲೆಕ್ಸೈ ಫೆಡ್‌ಚೆಂಕೊ ಹುಳುವಿನ ಮರಿಗಳು ಸೈಕ್ಲಾಪ್ಸಿನೊಳಗೆ ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಾಬರ್ಟ್ ಲೀಪರ್ ಸೈಕ್ಲಾಪ್ಸನ್ನು ತೆಳು ಆಮ್ಲದಲ್ಲಿ ಹಾಕಿದಾಗ ಅದು ಸತ್ತು ಮರಿಗಳು ಚುರುಕಾದದ್ದನ್ನು ನೋಡಿದ, ಕೋತಿಗೆ ಅವನ್ನು ತಿನ್ನಿಸಿ ತಿಂಗಳುಗಳ ಮೇಲೆ ಅದರ ಒಡಲಲ್ಲಿ ಬೆಳೆದ ಹುಳುಗಳನ್ನು ತೋರಿಸಿದ. ಮುಂದಿನ ದಶಕದಲ್ಲಿ ಮುಂಬಯಿಯಲ್ಲಿ ಡಿ. ಎ. ತುರ್ಖುದ್ ಅದನ್ನು ಮನುಷ್ಯರಲ್ಲೇ ಸಾಬೀತು ಮಾಡಿದರು. ಸರಪಳಿಯ ಕೊಂಡಿಗಳು ಕೂಡಿದವು. ಆದರೆ ಪ್ರಯೋಗಾಲಯದಲ್ಲಿ ಕೂಡಿದ್ದು ಹಳ್ಳಿಯ ಬಾವಿಯವರೆಗೆ ತಲುಪಬೇಕಲ್ಲ?

ಆ ದಾರಿಯಲ್ಲಿ ಮುಂದೆ ನಡೆದವರು ಮೈಸೂರು ಸಂಸ್ಥಾನದ ಒಬ್ಬ ಆರೋಗ್ಯಾಧಿಕಾರಿ, ವಿ. ಎನ್. ಮೂರ್ತಿ. ಅವರ ಕಾರ್ಯಕ್ಷೇತ್ರ ಚಿತ್ರದುರ್ಗ ಜಿಲ್ಲೆ. ಅಲ್ಲಿಯೂ ಒಣ ನೆಲ, ಅಲ್ಲಿಯೂ ಮೆಟ್ಟಿಲು ಬಾವಿ. 1932ರಲ್ಲಿ ಜಿಲ್ಲೆಯ ನಾರುಹುಣ್ಣಿನ ಹರಡುವಿಕೆ ಮತ್ತು ಪ್ರಯೋಗಗಳ ವರದಿಯನ್ನು ಅವರು ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಪ್ರಕಟಿಸಿದರು. ಮುಂದೆ ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್ ಅವರೊಡನೆ ಸೇರಿ ನಾಲ್ಕಾರು ವರ್ಷ ಒಂದಾದ ಮೇಲೊಂದು ಕೆಲಸ ಮಾಡಿದರು. ಪ್ರಯೋಗಾಲಯದ ಪಾತ್ರೆಯಲ್ಲಿ ಅಲ್ಲ, ನಿಜವಾದ ಬಾವಿಗಳಲ್ಲೇ ಸೋಂಕು ಹೊತ್ತ ಸೈಕ್ಲಾಪ್ಸುಗಳಿರುವುದನ್ನು 1936ರಲ್ಲಿ ತೋರಿಸಿದರು. ಅದೇ ವರ್ಷ ಬಾರ್ಬಸ್ ಕುಲದ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ಸೈಕ್ಲಾಪ್ಸನ್ನು ಅಡಗಿಸುವ ಜೈವಿಕ ವಿಧಾನವನ್ನು ಮಂಡಿಸಿದರು. ವಿಷವಿಲ್ಲ, ದುಬಾರಿ ಯಂತ್ರವಿಲ್ಲ, ಊರವರ ಬಾವಿಯನ್ನು ಕಿತ್ತುಕೊಳ್ಳುವ ಹುಕುಂ ಇಲ್ಲ. ಹಳ್ಳಿಯನ್ನು ಬಲ್ಲವನಿಗೆ ಮಾತ್ರ ಹೊಳೆಯುವ ಉಪಾಯ ಅದು.

ಮೂರ್ತಿಯವರ ಇನ್ನೊಂದು ಕೆಲಸ ಅವರ ಕಾಲಕ್ಕೆ ಕುತೂಹಲವಾಗಿ ಮಾತ್ರ ಕಂಡಿರಬೇಕು. ನಾಯಿಗಳಿಗೆ ಸೋಂಕಿನ ಸೈಕ್ಲಾಪ್ಸ್ ಕುಡಿಸಿ, ಮನುಷ್ಯನ ನಾರುಹುಳು ನಾಯಿಯ ಮೈಯಲ್ಲೂ ಬೆಳೆಯುತ್ತದೆ ಎಂದು ಸ್ವೀಟ್ ಮತ್ತು ಅವರು 1936ರಲ್ಲೂ 1938ರಲ್ಲೂ ಬರೆದರು. ಆಮೇಲೆ ದಶಕಗಟ್ಟಲೆ ಜಗತ್ತು ಈ ರೋಗವನ್ನು ಮನುಷ್ಯನದು ಮಾತ್ರ ಎಂದೇ ಎಣಿಸಿ ನಿರ್ಮೂಲನದ ಲೆಕ್ಕ ಹಾಕಿತು. 2012ರಲ್ಲಿ ಆಫ್ರಿಕದ ಚಾಡ್ ದೇಶದಿಂದ ಸುದ್ದಿ ಬಂತು: ಮನುಷ್ಯರಿಗಿಂತ ಹೆಚ್ಚಾಗಿ ನಾಯಿಗಳಲ್ಲಿ ನಾರುಹುಳು ಸಿಗುತ್ತಿದೆ. ಇಂದು ನಿರ್ಮೂಲನ ನಿಧಾನವಾಗಲು ದೊಡ್ಡ ಕಾರಣ ಅದೇ. ಚಿತ್ರದುರ್ಗದಲ್ಲಿ ಮುಕ್ಕಾಲು ಶತಮಾನ ಮೊದಲೇ ಬರೆದಿಟ್ಟ ಪುಟಗಳಿಗೆ ಆಗ ಹೊಸ ಬೆಲೆ ಬಂತು. ಒಬ್ಬ ಜಿಲ್ಲಾ ವೈದ್ಯನ ಹೆಸರು ನಮ್ಮ ಶಾಲೆಯ ಪಾಠದಲ್ಲಿ ಇರಬೇಕಾದದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಆ ವರ್ಷಗಳಲ್ಲಿ ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರಲ್ಲಿ ಆ ಆಳ್ವಿಕೆ ಮುಗಿಯಿತು, 1956ರಲ್ಲಿ ಈ ಜಿಲ್ಲೆಗಳು ಕನ್ನಡದ ರಾಜ್ಯಕ್ಕೆ ಸೇರಿದವು, 1963ರಲ್ಲಿ ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಲ್ಲಿಯವರೆಗೆ, ಆಮೇಲೂ ಎಷ್ಟೋ ಕಾಲ, ಹಳ್ಳಿಯಲ್ಲಿ ನಾರನ್ನು ಗುರುತಿಸುತ್ತಿದ್ದವರು ಮನೆಯ ಹಿರಿಯರು. ಬೊಬ್ಬೆ ಎದ್ದ ಕಾಲನ್ನು ಕಂಡೊಡನೆ ಹೆಸರು ಹೇಳುತ್ತಿದ್ದರು. ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಳ್ಳುವುದೂ ಕಷ್ಟವಲ್ಲ: ಹುಣ್ಣಿನ ಮೇಲೆ ತಣ್ಣೀರು ಬಿಟ್ಟು, ಜಿನುಗಿದ ದ್ರವದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರಿಗಳು ಹೊರಳಾಡುವುದು ಕಾಣುತ್ತದೆ.

ಕಷ್ಟವಾಗುತ್ತಿದ್ದುದು ಹುಳು ಹೊರಗೆ ಬಾರದೆ ಹಾದಿ ತಪ್ಪಿದಾಗ. ಕೀಲಿನೊಳಗೆ ಸತ್ತರೆ ಮಂಡಿ ಊದಿ ಸಂಧಿವಾತದಂತೆ ತೋರುತ್ತದೆ. ಎಷ್ಟೋ ವರ್ಷ ಒಳಗೇ ಉಳಿದು ಸುಣ್ಣಗಟ್ಟಿದರೆ, ಬೇರಾವುದೋ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಬಿಳಿಯ ಸುರುಳಿಯಾಗಿ ಕಾಣಿಸಿಕೊಂಡು ವೈದ್ಯರನ್ನು ತಬ್ಬಿಬ್ಬುಗೊಳಿಸುತ್ತದೆ. ಇವೆಲ್ಲಕ್ಕಿಂತ ಭಯಂಕರವಾದ ರೂಪವನ್ನು ದಾಖಲಿಸಿದವರು ರಾಯಚೂರಿನ ನೆರೆಯ ಕರ್ನೂಲಿನ ವೈದ್ಯರು. ಸಿ. ಆರ್. ಆರ್. ಎಂ. ರೆಡ್ಡಿ ಮತ್ತು ವಿ. ವಿ. ವಲ್ಲಿ 1967ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ನಾರುಹುಳು ಬೆನ್ನುಹುರಿಯ ಹೊದಿಕೆಯ ಹೊರಗೆ ಕೀವುಗಟ್ಟಿತ್ತು. ಹಾಗೆ ಕೂತ ಕೀವು ಬೆನ್ನುಹುರಿಯನ್ನು ಅದುಮಿದರೆ ಕಾಲಿನ ಬಲವೇ ಹೋಗುತ್ತದೆ. ಆ ಕಾಲದಲ್ಲಿ ಬೆನ್ನುಮೂಳೆಯ ಹತ್ತಿರ ಕೀವು ಎಂದೊಡನೆ ಮೊದಲು ಬರುತ್ತಿದ್ದ ಶಂಕೆ ಕ್ಷಯ. ಸಿಟಿ ಸ್ಕ್ಯಾನ್ ಇನ್ನೂ ಹುಟ್ಟಿರಲಿಲ್ಲ. ಇಂಥಲ್ಲಿ ಯಾವ ಯಂತ್ರಕ್ಕಿಂತಲೂ ಹೆಚ್ಚು ನೆರವಾಗುವ ಪ್ರಶ್ನೆ, ಹೋದ ವರ್ಷ ಯಾವ ಊರಲ್ಲಿದ್ದಿ, ಯಾವ ಬಾವಿಯ ನೀರು ಕುಡಿದಿ ಎಂಬುದು. ನೀರಿನ ಚರಿತ್ರೆ ಕೇಳದ ವೈದ್ಯನಿಗೆ ಈ ರೋಗಿಯ ಬೆನ್ನು ಬರೀ ಒಗಟು.

ಔಷಧಿ? ಅರವತ್ತರ ದಶಕದಿಂದ ನಿರಿಡಜೋಲ್, ಥಯಾಬೆಂಡಜೋಲ್, ಮೆಟ್ರೊನಿಡಜೋಲ್ ಎಂದು ಒಂದೊಂದಾಗಿ ಪ್ರಯೋಗವಾದವು. ಬಾವು ಇಳಿಯಿತು, ಎಳೆಯುವುದು ಸಲೀಸಾಯಿತು, ಹುಳು ಮಾತ್ರ ಸಾಯಲಿಲ್ಲ. ಇಂದಿಗೂ ಅದಕ್ಕೆ ಮದ್ದಿಲ್ಲ, ಲಸಿಕೆಯೂ ಇಲ್ಲ. ಒಮ್ಮೆ ಬಂದರೆ ಮತ್ತೆ ಬಾರದು ಎಂಬ ರಕ್ಷಣೆಯೂ ಮೈಗೆ ಕೂಡಿಬರುವುದಿಲ್ಲ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಗೆಲ್ಲಲಾಗದ ಹೋರಾಟ ಇದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಗೆಲ್ಲುವುದಾದರೆ ಬಾವಿಯ ಬಳಿಯೇ ಗೆಲ್ಲಬೇಕು.

ಆ ತಯಾರಿ ಬೇರೊಂದು ಕಡೆಯಿಂದ ನಡೆದಿತ್ತು. 1960ರ ದಶಕದ ಬರಗಾಲಗಳ ನಂತರ ಯುನಿಸೆಫ್ ಗಟ್ಟಿ ಬಂಡೆ ಕೊರೆಯುವ ರಿಗ್ಗುಗಳನ್ನು ಭಾರತಕ್ಕೆ ತರಿಸಿತು. ಕೊಳವೆಬಾವಿ ಕೊರೆದರು, ಆದರೆ ಮೇಲೆ ಕೂರಿಸಿದ ಎರಕದ ಕಬ್ಬಿಣದ ಪಂಪುಗಳು ಊರಿಗೆ ಊರೇ ಬಳಸುವ ಭಾರ ತಾಳದೆ ಮುರಿದು ಬಿದ್ದವು. ಕಲಬುರಗಿಗೆ ಹತ್ತಿರದ ಸೊಲ್ಲಾಪುರದಲ್ಲಿಯೂ ಜಾಲನಾದಲ್ಲಿಯೂ ಮಿಷನರಿಗಳು, ಸ್ಥಳೀಯ ಕಸುಬುದಾರರು ಸೇರಿ ಉಕ್ಕಿನ ಗಟ್ಟಿ ಪಂಪುಗಳನ್ನು ರೂಪಿಸಿದ್ದರು. ಸೊಲ್ಲಾಪುರದ ಆ ಮಾದರಿಯಿಂದಲೇ ಎಪ್ಪತ್ತರ ದಶಕದಲ್ಲಿ ಇಂಡಿಯಾ ಮಾರ್ಕ್ 2 ಬೆಳೆದು ಬಂತು. ಇಂದಿಗೂ ಸೇಡಂ, ಚಿಂಚೋಳಿಯ ಊರುಗಳಲ್ಲಿ ನಾವು ಬೋರಿಂಗು ಎಂದು ಕರೆಯುವ ಕೈಪಂಪು ಅದೇ. ಭೂಮಿಯ ಆಳದಿಂದ ಬರುವ ಆ ನೀರಿಗೆ ಯಾರ ಕಾಲೂ ತಗಲುವುದಿಲ್ಲ, ಅದರಲ್ಲಿ ಸೈಕ್ಲಾಪ್ಸ್ ಇರುವುದಿಲ್ಲ.

1983-84ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ನಾರುಹುಳು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಅದರ ಕೇಂದ್ರವಾಗಿತ್ತು. 1984ರ ಎಣಿಕೆಯಲ್ಲಿ ಏಳು ರಾಜ್ಯಗಳ 89 ಜಿಲ್ಲೆಗಳು, 12,840 ಹಳ್ಳಿಗಳು, 39,792 ರೋಗಿಗಳು. ಕರ್ನಾಟಕ ಆ ಏಳರಲ್ಲಿ ಒಂದು, ನಮ್ಮ ಒಣಬೇಸಾಯದ ಉತ್ತರದ ಜಿಲ್ಲೆಗಳೇ ಅದರ ನೆಲೆ. ರೋಗಿ ಬರಲಿ ಎಂದು ಕಾಯದೆ ಆರೋಗ್ಯ ಕಾರ್ಯಕರ್ತರು ಮನೆ ಮನೆ ಹುಡುಕಿದರು. ಹುಳುವಿನ ಚಿತ್ರವಿರುವ ಕಾರ್ಡು ತೋರಿಸಿ, ಇದನ್ನು ಕಂಡಿದ್ದೀರಾ ಎಂದು ಕೇಳಿದರು. ಎರಡು ಮಡಿಕೆ ಬಟ್ಟೆಯಲ್ಲಿ ನೀರು ಸೋಸಲು ಕಲಿಸಿದರು, ಸೈಕ್ಲಾಪ್ಸ್ ಬಟ್ಟೆಯ ಕಣ್ಣಿಗಿಂತ ದೊಡ್ಡದಾದ್ದರಿಂದ ಅಷ್ಟೇ ಸಾಕಾಗುತ್ತಿತ್ತು. ಬಾವಿಗೆ ಸೈಕ್ಲಾಪ್ಸನ್ನು ಕೊಲ್ಲುವ ಟೆಮೆಫಾಸ್ ಹಾಕಿದರು. ಮೆಟ್ಟಿಲುಗಳನ್ನು ಮುಚ್ಚಿ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು. ಇದು ಎಲ್ಲ ಕಡೆ ಸುಲಭವಾಗಿ ನಡೆದಿರಲಾರದು. ಮೆಟ್ಟಿಲು ಬಾವಿ ಎಂದರೆ ದೇವರ ಜಾಗ, ಬಟ್ಟೆ ಒಗೆಯುವ ಜಾಗ, ಹೆಂಗಸರು ಕೂತು ಮಾತಾಡುವ ಜಾಗ. ಯಾವ ಜಾತಿ ಯಾವ ಬಾವಿಗೆ ಇಳಿಯಬೇಕು ಎಂಬ ಕಟ್ಟುಪಾಡೂ ಅದೇ ಮೆಟ್ಟಿಲ ಮೇಲೆ ಕೂತಿತ್ತು. ಒಂದು ಕೇರಿಗೆ ಬೋರಿಂಗು ಬಂದು ಇನ್ನೊಂದು ಕೇರಿ ಹಳೆಯ ಬಾವಿಯಲ್ಲೇ ಉಳಿದರೆ ಊರು ರೋಗಮುಕ್ತವಾಗದು. ನಾರುಹುಳು ಕೊನೆಯ ಕೊಡ ತುಂಬುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಸರ್ಕಾರವನ್ನು ಬಗ್ಗಿಸಿತು.

ವರ್ಷ ವರ್ಷಕ್ಕೆ ಸಂಖ್ಯೆ ಇಳಿಯಿತು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹುಡುಕಾಟ ನಿಲ್ಲಲಿಲ್ಲ. ಯಾರಿಗೋ ನಾರು ಎದ್ದಿದೆ ಎಂಬ ಗಾಳಿಮಾತು ಬಂದರೂ ಹೋಗಿ ನೋಡಬೇಕು, ಅದು ಬೇರೆ ಹುಣ್ಣೆಂದು ತೋರಿಸಬೇಕು, ದಾಖಲೆ ಬರೆಯಬೇಕು. ಇಲ್ಲದ್ದನ್ನು ಇಲ್ಲವೆಂದು ಸಾಬೀತುಪಡಿಸುವುದು ಇರುವುದನ್ನು ಹುಡುಕುವುದಕ್ಕಿಂತ ತಾಳ್ಮೆಯ ಕೆಲಸ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಳು ಮುಕ್ತ ಎಂದು ಪ್ರಮಾಣೀಕರಿಸಿತು. ಸಿಡುಬಿನ ನಂತರ ಈ ದೇಶದಿಂದ ಬೇರುಸಹಿತ ಹೋದ ರೋಗ ಅದು. ಮದ್ದಿಲ್ಲದೆ, ಲಸಿಕೆಯಿಲ್ಲದೆ ಸಾಧಿಸಿದ್ದು.

ಅದಾದ ಮೇಲೆ ವೈದ್ಯ ವಿದ್ಯಾರ್ಥಿಗಳಿಗೆ ನಾರುಹುಣ್ಣು ಪರೀಕ್ಷೆಗೆ ಓದುವ ಒಂದು ಪುಟವಾಗಿ ಉಳಿಯಿತು. ರೋಗ ವಿರಳವಾದಂತೆ ಅದನ್ನು ಗುರುತಿಸುವ ಕಣ್ಣೂ ವಿರಳವಾಗುತ್ತದೆ. ಹಳ್ಳಿಯ ಮುದುಕಿ ಒಂದೇ ನೋಟಕ್ಕೆ ಹೇಳುತ್ತಿದ್ದುದನ್ನು ಇಂದಿನ ತಜ್ಞ ಪುಸ್ತಕ ತೆರೆದು ನೋಡಬೇಕು. ಅದು ಸಂತೋಷದ ಸುದ್ದಿಯೇ. ಆದರೆ ಹುಳುವಿನ ಜೊತೆಗೆ, ಯಾವ ನೀರು ಕುಡಿದಿ ಎಂಬ ಪ್ರಶ್ನೆಯೂ ಹೊರರೋಗಿ ವಿಭಾಗದಿಂದ ಮಾಯವಾದರೆ ಅದು ನಷ್ಟ. ಅಂಥ ನಷ್ಟದ ಬೆಲೆ ಏನೆಂಬುದನ್ನು ಕಲಬುರಗಿಯಿಂದ ಆಗಷ್ಟೇ ಬೇರೆಯಾಗಿದ್ದ ಯಾದಗಿರಿ ಜಿಲ್ಲೆ ತೋರಿಸಿತು.

ಸುರಪುರ ಸೀಮೆಯ ಕಿರದಳ್ಳಿ ತಾಂಡಾ ಲಂಬಾಣಿಗರ ಸಣ್ಣ ಊರು. ಪಕ್ಕದಲ್ಲಿ ಮಂಗಳೂರು ಎಂಬ ಹಳ್ಳಿ, ಅಲ್ಲೊಂದು ಹಳೆಯ ಚಿನ್ನದ ಗಣಿ. ತಾಂಡಾದ ಜನರ ಅಂಗೈ, ಅಂಗಾಲುಗಳಲ್ಲಿ ಗಟ್ಟಿ ಗಂಟುಗಳೆದ್ದವು. ಎದೆ ಬೆನ್ನಿನ ಮೇಲೆ ಕಪ್ಪು ಬಿಳಿ ಚುಕ್ಕೆಗಳು ಹರಡಿದವು. ಬಿಸಿಲಿನಲ್ಲಿ ದುಡಿಯುವ ಕೈಯ ಒರಟುತನ ಎಂದೋ, ಯಾವುದೋ ಚರ್ಮರೋಗ ಎಂದೋ ಮುಲಾಮು ಕೊಟ್ಟು ಕಳಿಸಬಹುದಾದ ಲಕ್ಷಣಗಳು ಅವು. ನೀರನ್ನು ಪರೀಕ್ಷಿಸಿದಾಗ ಬೇರೆಯೇ ಕಥೆ ಹೊರಬಂತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಪ್ರದೇಶದ 59 ಕೊಳವೆಬಾವಿ ಮಾದರಿಗಳಲ್ಲಿ ಶೇ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಸುರಕ್ಷಿತ ಮಿತಿಯನ್ನು ಮೀರಿತ್ತು. ಅತಿ ಹೆಚ್ಚಿನ ಪ್ರಮಾಣ 303. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್ ವಿಷದ ಗುರುತುಗಳು. 171 ಜನರ ಕೂದಲು, ಉಗುರುಗಳ ಎಲ್ಲ ಮಾದರಿಗಳಲ್ಲೂ ಅದರ ಪ್ರಮಾಣ ಹೆಚ್ಚು. ಗಣಿಯ ತ್ಯಾಜ್ಯ ಮಣ್ಣಿಗೆ ಸೇರಿದ್ದರ ಸುಳಿವೂ ಸಿಕ್ಕಿತು, ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2,000 ಮಿಲಿಗ್ರಾಂ ಮೀರಿದ ಆರ್ಸೆನಿಕ್.

ನಾರುಹುಳುವಿನಿಂದ ಜನರನ್ನು ಕಾಪಾಡಿದ್ದು ಕೊಳವೆಬಾವಿ. ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಆಳದ ಕಲ್ಲಿನ ಗುಣ ನೀರಿಗೆ ಬಾರದೆ ಇರದು. ಕಲಬುರಗಿ, ಯಾದಗಿರಿ, ರಾಯಚೂರಿನ ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಹಲ್ಲು ಮೂಳೆಗಳನ್ನು ಹಿಡಿಯಿತು. ಮಂಗಳೂರು ಹಳ್ಳಿಯ ಸುತ್ತ ಆರ್ಸೆನಿಕ್ ಚರ್ಮವನ್ನು ಹಿಡಿಯಿತು. ಹುಳುವಾದರೆ ಒಂದು ವರ್ಷಕ್ಕೆ ತಲೆ ಎತ್ತಿ ತಾನೇ ಸಾಕ್ಷಿ ಹೇಳುತ್ತಿತ್ತು. ಆರ್ಸೆನಿಕ್ ಎಷ್ಟೋ ವರ್ಷ ಸುಳಿವು ಕೊಡದೆ ಕೂಡಿಕೊಳ್ಳುತ್ತದೆ.

ಕಿರದಳ್ಳಿ ತಾಂಡಾದ ನಾಲ್ವರ ಚರ್ಮದ ಚೂರುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೂವರಲ್ಲಿ ರೋಗ ಖಚಿತವಾಯಿತು. ಇಲ್ಲಿಯೂ ಮೊದಲ ಚಿಕಿತ್ಸೆ ಬೇರೆ ನೀರು ಕೊಡುವುದು. ಗಂಟುಗಳ ಗಡಸುತನಕ್ಕೆ ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಕೆಲಸ ಮಾಡುತ್ತದೆ. ಆರ್ಸೆನಿಕ್ ತಂದಿಡುವ ಚರ್ಮದ ಕ್ಯಾನ್ಸರ್ ನೀರು ಬದಲಾದ ಹತ್ತಿಪ್ಪತ್ತು ವರ್ಷಗಳ ಮೇಲೂ ತಲೆ ಎತ್ತಬಹುದಾದ್ದರಿಂದ, ಆ ನೀರು ಕುಡಿದು ಬೆಳೆದ ಮಗು ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದರೂ, ಅಲ್ಲಿ ಅದನ್ನು ನೋಡುವ ವೈದ್ಯರು ಅಂಗೈ ತಿರುಗಿಸಿ ನೋಡಬೇಕು, ಹುಟ್ಟಿದ ಊರು ಯಾವುದು, ಅಲ್ಲಿ ಯಾವ ನೀರು ಕುಡಿಯುತ್ತಿದ್ದೆ ಎಂದು ಕೇಳಬೇಕು.